ಬೇಕಾದ ಕಡೆ ಬೋಳು, ಬೇಡದ ಕಡೆ ಗರಿಕೆ: ಏನು ಮಾಡಲಿ?

ಪ್ರಶ್ನೆ: ಮನೆ ಮುಂದೆ ಸುಮಾರು 100 ಚದರ ಮೀಟರ್ ಜಾಗದಲ್ಲಿ ಗರಿಕೆ ಲಾನ್ ಮಾಡಿ ಎರಡು ವರ್ಷ ಆಯಿತು. ಬಿಸಿಲು ಬೀಳುವ ಕಡೆ ದಟ್ಟವಾಗಿದೆ. ಮರದ ಕೆಳಗೆ ಮಾತ್ರ ಎಷ್ಟು ಸಲ ನೆಟ್ಟರೂ ಬೋಳು. ಪ್ರತಿ ಸಲ ಕತ್ತರಿಸಿದ ಮೇಲೆ ಇಡೀ ಲಾನ್ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರು ಜಾಸ್ತಿ ಕೊಟ್ಟು ನೋಡಿದೆ, ಉಪಯೋಗ ಆಗಲಿಲ್ಲ. ಇತ್ತ ಇದೇ ಹುಲ್ಲು ಪಕ್ಕದ ತರಕಾರಿ ಮಡಿಗೆ ನುಗ್ಗಿ ಗಿಡಗಳ ಬುಡದಲ್ಲೆಲ್ಲ ತುಂಬಿಕೊಂಡಿದೆ. ಕಿತ್ತಷ್ಟೂ ಬರುತ್ತದೆ. ಕತ್ತರಿಸಿದ ಹುಲ್ಲನ್ನು ಹಸುಗಳಿಗೆ ಹಾಕಬಹುದೇ? ಹಿಂದಿನ ಖಾಲಿ ಜಾಗದಲ್ಲಿ ಮೇವಿಗೆಂದೇ ಗರಿಕೆ ಬೆಳೆಸಬಹುದೇ?

ಉತ್ತರ: ನಿಮ್ಮ ಪ್ರಶ್ನೆ ಓದಿ ಸ್ವಲ್ಪ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಲಾನ್‌ನಲ್ಲಿ ಗರಿಕೆ ಬರಲಿ ಅಂತ ಒದ್ದಾಡುವವರು, ಮಡಿಯಿಂದ ಅದು ಹೋಗಲಿ ಅಂತ ಒದ್ದಾಡುವವರು, ಎರಡೂ ಬಗೆಯವರು ನನ್ನನ್ನು ಕೇಳುತ್ತಾರೆ. ಒಬ್ಬರೇ ಎರಡನ್ನೂ ಕೇಳಿದ್ದು ಅಪರೂಪ. ಒಳ್ಳೆಯದೇ ಆಯಿತು. ನಿಮ್ಮ ಅಷ್ಟೂ ತೊಂದರೆಗಳ ಮೂಲ ಹೆಚ್ಚು ಕಡಿಮೆ ಒಂದೇ ಕಡೆ ಇದೆ.

ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಲಾನ್ ಅಂಚಿಗೆ ಹೋಗಿ ಕೂತು, ಹೊರಗೆ ಚಾಚಿಕೊಂಡಿರುವ ಒಂದು ಬಳ್ಳಿಯನ್ನು ಮೆಲ್ಲಗೆ ಎಳೆಯಿರಿ. ಪಟ್ ಪಟ್ ಅಂತ ಅಲ್ಲಲ್ಲಿ ಬಿಡಿಸಿಕೊಂಡು ಬರುತ್ತದೆ. ಆ ಸದ್ದು ಬಂದ ಕಡೆಯಲ್ಲೆಲ್ಲ ಒಂದೊಂದು ಗೆಣ್ಣು ಇರುತ್ತದೆ. ಗೆಣ್ಣಿನ ಕೆಳಗೆ ಬಿಳಿ ಬೇರಿನ ಕುಚ್ಚು, ಮೇಲೆ ಪುಟ್ಟ ಚಿಗುರು. ಎರಡು ಗೆಣ್ಣಿನ ನಡುವಿನ ಭಾಗ ತಂತಿಯ ಹಾಗೆ ಬಿಗಿ, ಎಷ್ಟೋ ಸಲ ನೇರಳೆ ಛಾಯೆ. ಎಳೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ಬಳ್ಳಿ ನೆಲದೊಳಗೆ ಇಳಿದುಬಿಡುತ್ತದೆ. ಅಲ್ಲಿ ಅಗೆದು ನೋಡಿ. ಒಳಗೂ ಅದೇ ಕಾಂಡ, ಆದರೆ ಬೆಳ್ಳಗೆ, ಕೊಂಚ ದಪ್ಪ, ಪೊರೆ ಸುತ್ತಿಕೊಂಡು, ತುದಿ ಸೂಜಿಯ ಹಾಗೆ ಚೂಪು. ಬಹಳ ಜನ ಇದನ್ನು ಬೇರು ಅಂದುಕೊಳ್ಳುತ್ತಾರೆ. ಇದು ಬೇರಲ್ಲ, ನೆಲದಡಿಯ ಕಾಂಡ. ಗಿಡ ತನ್ನ ದಾಸ್ತಾನು ಇಟ್ಟುಕೊಳ್ಳುವುದು ಇದರಲ್ಲಿ. ಇದಕ್ಕೂ ಗೆಣ್ಣುಗಳಿವೆ, ಒಂದೊಂದು ಗೆಣ್ಣಿನಲ್ಲೂ ಒಂದು ಮೊಗ್ಗು ಕಾದು ಕೂತಿರುತ್ತದೆ.

ಗರಿಕೆಯ ಜೀವ ಇರುವುದು ಈ ಗೆಣ್ಣಿನಲ್ಲಿ. ಎಲೆ ಹೋದರೂ ಗೆಣ್ಣು ಉಳಿದರೆ ಹುಲ್ಲು ಉಳಿಯಿತು. ಇನ್ನೊಂದು ಮಾತು ನೆನಪಿರಲಿ: ಇದಕ್ಕೆ ಬಿಸಿಲು ಬಹಳ ಬೇಕು. ಈ ಎರಡನ್ನು ಇಟ್ಟುಕೊಂಡೇ ನಿಮ್ಮ ಪ್ರಶ್ನೆಗಳನ್ನು ನೋಡೋಣ.

ಮೊದಲು ಅದು ಗರಿಕೆಯೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ತೆನೆ ನೋಡಿದರೆ ಗೊತ್ತಾಗುತ್ತದೆ. ಸಣ್ಣ ಕಡ್ಡಿಯ ತುದಿಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಎಳೆಗಳು, ಎಲ್ಲವೂ ಒಂದೇ ಬಿಂದುವಿನಿಂದ ಹೊರಟು, ಬಿಡಿಸಿದ ಬೆರಳುಗಳ ಹಾಗೆ ಹರಡಿರುತ್ತವೆ. ಲಿನ್ನೇಯಸ್ 1753ರಲ್ಲಿ ಇದಕ್ಕೆ ಡ್ಯಾಕ್ಟಿಲಾನ್ ಅಂತ ಹೆಸರಿಟ್ಟದ್ದು ಈ ಬೆರಳುಗಳನ್ನು ನೋಡಿಯೇ. ಈಗಿನ ಪೂರ್ತಿ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಸೈನೊಡಾನ್ ಅಂದರೆ ಗ್ರೀಕ್‌ನಲ್ಲಿ ನಾಯಿಹಲ್ಲು. ಹೊರಗಡೆ ಇದನ್ನು ಬರ್ಮುಡಾ ಹುಲ್ಲು ಅಂತ ಕರೆಯುವುದು ಜಾಸ್ತಿ, ಆದರೆ ಬರ್ಮುಡಾ ದ್ವೀಪ ಇದರ ತವರಲ್ಲ. ಆಸ್ಟ್ರೇಲಿಯಾದವರು ಕೌಚ್ ಅನ್ನುತ್ತಾರೆ, ದಕ್ಷಿಣ ಆಫ್ರಿಕಾದವರು ಕ್ವೀಕ್ ಅನ್ನುತ್ತಾರೆ. ಡೆವಿಲ್ ಗ್ರಾಸ್ ಅನ್ನುವವರೂ ಇದ್ದಾರೆ. ಅವರು ತರಕಾರಿ ಮಡಿ ಇಟ್ಟುಕೊಂಡವರೇ ಇರಬೇಕು!

ಬೆರಳು ತೆನೆಯ ಹುಲ್ಲುಗಳು ಬೇರೆಯೂ ಇವೆ, ಹಾಗಾಗಿ ತೆನೆಯೊಂದನ್ನೇ ನಂಬಬೇಡಿ. ಎಲೆ ಕಾಂಡಕ್ಕೆ ಕೂಡುವ ಜಾಗದಲ್ಲಿ ಎಲೆಯನ್ನು ಹಿಂದಕ್ಕೆ ಬಾಗಿಸಿ ನೋಡಿ. ಗರಿಕೆಯಾದರೆ ಅಲ್ಲಿ ಪುಟ್ಟ ಬಿಳಿ ಕೂದಲಿನ ಸಾಲು ಕಾಣುತ್ತದೆ. ಅದನ್ನು ಹೋಲುವ ಡಿಜಿಟೇರಿಯಾ ಜಾತಿಯ ಕಳೆಗಳಲ್ಲಿ ಆ ಜಾಗದಲ್ಲಿ ತೆಳ್ಳಗಿನ ಪೊರೆ ಇರುತ್ತದೆ. ಲಾನ್‌ನಲ್ಲಿ ಕಾಟ ಕೊಡುವ ಆ ಜಾತಿಯ ಕಳೆಗಳು ಬಹುಪಾಲು ಒಂದು ವರ್ಷದ ಗಿಡಗಳು. ಬುಡ ಹಿಡಿದು ಕಿತ್ತರೆ ಕೆಲಸ ಮುಗಿಯಿತು.

ಈಗ ಮರದ ಕೆಳಗಿನ ಬೋಳು ಜಾಗ.

ಹುಲ್ಲುಗಳು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹಿಡಿದು ಸಕ್ಕರೆ ಮಾಡಿಕೊಳ್ಳುವುದರಲ್ಲಿ ಎರಡು ಮುಖ್ಯ ದಾರಿಗಳಿವೆ. ಭತ್ತ, ಗೋಧಿಯದು ಹಳೆಯ ದಾರಿ. ಸೆಕೆ ಜಾಸ್ತಿಯಾದಾಗ ಆ ದಾರಿಯಲ್ಲಿ ಹಿಡಿದ ಇಂಗಾಲದ ಸೋರಿಕೆಯೂ ಜಾಸ್ತಿ. ಗರಿಕೆ, ಜೋಳ, ಕಬ್ಬು ಇವುಗಳದ್ದು ಸಿ4 ಎನ್ನುವ ಇನ್ನೊಂದು ದಾರಿ. ಇವು ಇಂಗಾಲವನ್ನು ಮೊದಲು ಒಂದು ಕೋಶದಲ್ಲಿ ಹಿಡಿದು, ಎಲೆಯ ನರದ ಸುತ್ತ ಇರುವ ಇನ್ನೊಂದು ಸಾಲಿನ ಕೋಶಗಳಿಗೆ ಪಂಪ್ ಮಾಡುತ್ತವೆ. ಅಲ್ಲಿ ಸೋರಿಕೆ ಬಹಳ ಕಡಿಮೆ. ಆದ್ದರಿಂದಲೇ 35 ಡಿಗ್ರಿ ಬಿಸಿಲಿಗೆ ಬೇರೆ ಹುಲ್ಲುಗಳು ಸೊರಗಿದರೆ ಗರಿಕೆ ಉಬ್ಬಿ ಬೆಳೆಯುತ್ತದೆ. ಆದರೆ ಪಂಪ್ ಓಡಿಸಲು ಶಕ್ತಿ ಬೇಕಲ್ವಾ? ಆ ಶಕ್ತಿ ಬರುವುದು ಬಿಸಿಲಿನಿಂದ. ಬಿಸಿಲು ಇದ್ದಾಗ ಈ ಖರ್ಚು ಲೆಕ್ಕಕ್ಕೇ ಇಲ್ಲ. ನೆರಳಲ್ಲಿ ಅದೇ ಖರ್ಚು ಗಿಡವನ್ನು ತಿನ್ನುತ್ತದೆ.

ನೆರಳಿಗೆ ಸಿಕ್ಕ ಗರಿಕೆಯನ್ನು ಹತ್ತಿರದಿಂದ ನೋಡಿ. ಗೆಣ್ಣುಗಳ ಅಂತರ ಉದ್ದವಾಗಿರುತ್ತದೆ, ಎಲೆ ತೆಳ್ಳಗೆ, ಪಕ್ಕದ ಚಿಗುರು ಒಡೆಯುವುದೇ ಇಲ್ಲ. ಬೆಳಕು ಹುಡುಕಿಕೊಂಡು ಮೇಲೆ ಏಳುತ್ತದೆ, ನೀವು ಮಷೀನ್ ತಂದು ಆ ಎದ್ದ ತಲೆಯನ್ನೇ ಕತ್ತರಿಸುತ್ತೀರಿ. ಉಳಿದದ್ದು ನಾಲ್ಕು ಕಡ್ಡಿ. ಸಾಲದ್ದಕ್ಕೆ ಮರದ ಬೇರುಗಳು ಅಲ್ಲಿನ ನೀರು, ಗೊಬ್ಬರಕ್ಕೆ ಪೈಪೋಟಿಗೆ ನಿಂತಿರುತ್ತವೆ. ನೀವು ಎಷ್ಟು ಸಲ ನೆಟ್ಟರೂ ಕಥೆ ಅಷ್ಟೇ.

ಒಂದು ದಿನ ರಜೆ ನೋಡಿಕೊಂಡು ಆ ಜಾಗದಲ್ಲಿ ನೇರ ಬಿಸಿಲು ಎಷ್ಟು ಗಂಟೆ ಬೀಳುತ್ತದೆ ಅಂತ ಗಂಟೆಗೊಮ್ಮೆ ನೋಡಿ ಬರೆದುಕೊಳ್ಳಿ. ಆರು ಗಂಟೆ ದಾಟಿದರೆ ಗರಿಕೆ ಬರಬೇಕು, ಬಾರದಿದ್ದರೆ ಕಾರಣ ಬೇರೆ. ನಾಲ್ಕರಿಂದ ಆರು ಗಂಟೆ ಇದ್ದರೆ ಕೆಳಗಿನ ಕೊಂಬೆಗಳನ್ನು ತೆಗೆಸಿ, ಅಲ್ಲಿ ಮಾತ್ರ ಹುಲ್ಲನ್ನು 5 ಸೆಂಟಿಮೀಟರ್ ಎತ್ತರಕ್ಕೆ ಬಿಡಿ, ಯೂರಿಯಾ ಕಡಿಮೆ ಮಾಡಿ, ಓಡಾಟ ಕಡಿಮೆ ಮಾಡಿ. ನೆರಳಲ್ಲಿ ಯೂರಿಯಾ ಸುರಿದರೆ ಗಿಡ ಇರುವ ದಾಸ್ತಾನನ್ನೂ ಖಾಲಿ ಮಾಡಿಕೊಂಡು ಉದ್ದ ಬೆಳೆದು ಮಲಗುತ್ತದೆ. ನಾಲ್ಕು ಗಂಟೆಗಿಂತ ಕಡಿಮೆ ಇದ್ದರೆ? ಬಿಟ್ಟುಬಿಡಿ. ಇದು ಸೋಲಲ್ಲ. ಅಲ್ಲಿ ಸೇಂಟ್ ಅಗಸ್ಟೀನ್ ಹುಲ್ಲು ಹಾಕಿ. ಎಲೆ ಅಗಲ, ನೋಡಲು ಒರಟು, ಆದರೆ ನೆರಳು ತಡೆಯುವುದರಲ್ಲಿ ಗರಿಕೆಗಿಂತ ಎಷ್ಟೋ ಮೇಲು. ಮರದ ಬುಡಕ್ಕೆ ತಾಗದ ಹಾಗೆ ಒಣ ಎಲೆ, ಮರದ ಚಕ್ಕೆ ಹರಡಿ ಹಾಗೇ ಬಿಟ್ಟರೂ ಚೆನ್ನ. ಮರಕ್ಕೂ ಅದೇ ಇಷ್ಟ.

ಬೋಳು ಜಾಗಕ್ಕೆ ಬೀಜ ಎರಚುವ ಯೋಚನೆ ಇದ್ದರೆ ನಿಮ್ಮ ಲಾನ್ ಯಾವ ತಳಿಯದ್ದು ಅಂತ ಮೊದಲು ತಿಳಿದುಕೊಳ್ಳಿ. ನುಣುಪಾದ, ಸಣ್ಣ ಎಲೆಯ ಲಾನ್ ಆದರೆ ಅದು ಬಹುಶಃ ಹೈಬ್ರಿಡ್. ಸಾಮಾನ್ಯ ಗರಿಕೆಯನ್ನು ಆಫ್ರಿಕಾದ ಸೈನೊಡಾನ್ ಟ್ರಾನ್ಸ್‌ವಾಲೆನ್ಸಿಸ್ ಜೊತೆ ಸಂಕರ ಮಾಡಿ ಬಂದದ್ದು. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಈ ಕೆಲಸಕ್ಕೆ ಹೆಸರಾದವರು. ಅವರ ಟಿಫ್‌ವೇ ತಳಿ 1960ರಲ್ಲಿ ಬಂತು, ಇವತ್ತಿಗೂ ಆಟದ ಮೈದಾನಗಳಲ್ಲಿ ಇದೆ. ಸಾಮಾನ್ಯ ಗರಿಕೆಯಲ್ಲಿ ಹೆಚ್ಚಾಗಿ 36 ವರ್ಣತಂತುಗಳು, ಇನ್ನೊಂದರಲ್ಲಿ 18. ಮಗುವಿಗೆ ಸಿಕ್ಕಿದ್ದು 27. ಅದು ಬೆಸ ಸಂಖ್ಯೆ, ಜೋಡಿ ಕೂಡುವುದಿಲ್ಲ. ಹಾಗಾಗಿ ಬೀಜ ಕಟ್ಟುವುದಿಲ್ಲ. ಟಿಫ್‌ವೇ ಬೀಜ ಅಂತ ಯಾರಾದರೂ ಪೊಟ್ಟಣ ಕೊಟ್ಟರೆ ನಕ್ಕು ವಾಪಸ್ ಕೊಡಿ. ಇಂಥ ಲಾನ್ ಮೇಲೆ ಸಾಮಾನ್ಯ ಗರಿಕೆ ಬೀಜ ಎರಚಿದರೆ ಬಣ್ಣ ಬೇರೆ, ಎಲೆ ಬೇರೆ, ತೇಪೆ ಹಾಕಿದ ಹಾಗೆ ಕಾಣುತ್ತದೆ.

ಬಿಸಿಲಿರುವ ಕಡೆ ಬೋಳು ತುಂಬಲು ನಿಮ್ಮ ಲಾನ್ ಅಂಚಿನಿಂದಲೇ ಬಳ್ಳಿ ಕಿತ್ತು ತನ್ನಿ. ಎರಡು ಮೂರು ಗೆಣ್ಣು ಇರುವ ತುಂಡು ಮಾಡಿ, ಒಂದು ಗೇಣಿಗಿಂತ ಕಡಿಮೆ ಅಂತರದಲ್ಲಿ, ಮುಕ್ಕಾಲು ಭಾಗ ಮಣ್ಣಲ್ಲಿ ಹೂತು ತುದಿ ಮಾತ್ರ ಹೊರಗೆ ಬಿಟ್ಟು ನೆಡಿ. ಕಾಲಿಂದ ಅದುಮಿ. ಮೊದಲ ಎರಡು ವಾರ ಮೇಲ್ಮಣ್ಣು ಒಣಗಲು ಬಿಡಬೇಡಿ. ನೆಟ್ಟ ತುಂಡುಗಳು ಸಾಯುವುದು ಹೆಚ್ಚಾಗಿ ಈ ಹದಿನೈದು ದಿನಗಳಲ್ಲೇ.

ಕತ್ತರಿಸಿದ ಮೇಲೆ ಕಂದು ಯಾಕೆ ಅನ್ನುವುದಕ್ಕೆ ಬರೋಣ. ಇದು ನೀರಿನ ಕೊರತೆಯಲ್ಲ. ನೀರು ಕೊಟ್ಟರೆ ಸರಿಹೋಗದು.

ಲಾನ್ ನಡುವೆ ಹುಲ್ಲನ್ನು ಎರಡೂ ಕೈಯಿಂದ ಬೈತಲೆ ತೆಗೆದ ಹಾಗೆ ಸೀಳಿ ಒಳಗೆ ನೋಡಿ. ಮೇಲೆ ಒಂದು ಪದರ ಮಾತ್ರ ಹಸಿರು ಇರುತ್ತದೆ. ಅದರ ಕೆಳಗೆಲ್ಲ ಬೆಳಕಿಲ್ಲದೆ ಎಲೆ ಒಣಗಿ, ಒಣಹುಲ್ಲಿನ ಬಣ್ಣದ ಕಾಂಡಗಳಷ್ಟೇ ನಿಂತಿರುತ್ತವೆ. ನೀವು ಹುಲ್ಲನ್ನು 8 ಸೆಂಟಿಮೀಟರ್‌ವರೆಗೆ ಬೆಳೆಯಲು ಬಿಟ್ಟು 3ಕ್ಕೆ ಕತ್ತರಿಸಿದಿರಿ ಅಂದುಕೊಳ್ಳಿ. ಹಸಿರು ಪದರ ಪೂರ್ತಿ ಹೋಯಿತು. ಕಾಣುತ್ತಿರುವ ಕಂದು ಹೊಸದಾಗಿ ಬಂದದ್ದಲ್ಲ, ಅದು ಮೊದಲೂ ಅಲ್ಲೇ ಇತ್ತು. ನೀವು ಮುಚ್ಚಳ ತೆಗೆದಿರಿ ಅಷ್ಟೇ. ನನ್ನ ಊಹೆ, ನೀವು ಎರಡು ವಾರಕ್ಕೊಮ್ಮೆ ಕತ್ತರಿಸುತ್ತಿದ್ದೀರಿ. ಸರಿ ತಾನೇ?

ಯಾವುದೇ ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು. ಲಾನ್ 3 ಸೆಂಟಿಮೀಟರ್ ಇರಬೇಕು ಅಂದರೆ ನಾಲ್ಕೂವರೆ ಮುಟ್ಟುವ ಹೊತ್ತಿಗೆ ಮಷೀನ್ ತೆಗೆಯಬೇಕು. ನೀರು, ಗೊಬ್ಬರ ಸಿಕ್ಕ ಬೇಸಿಗೆ ಗರಿಕೆಗೆ ಇದು ವಾರಕ್ಕೊಮ್ಮೆ, ಕೆಲವು ಸಲ ವಾರಕ್ಕೆ ಎರಡು ಸಲ. ಆಗಲ್ಲ ಅಂದರೆ ಎತ್ತರ ಹೆಚ್ಚಿಸಿಕೊಳ್ಳಿ, 5 ಸೆಂಟಿಮೀಟರ್‌ಗೆ ಇಟ್ಟುಕೊಳ್ಳಿ. ಪುರುಸೊತ್ತಿಲ್ಲದವರು ಗಾಲ್ಫ್ ಮೈದಾನದ ಹಾಗೆ ನುಣ್ಣಗಿರಬೇಕು ಅಂತ ಆಸೆ ಪಡಬಾರದು, ಇದನ್ನು ನಾನು ನನಗೂ ಹೇಳಿಕೊಳ್ಳುತ್ತೇನೆ.

ಈಗಾಗಲೇ ಕಾಂಡ ಉದ್ದವಾಗಿರುವ ಲಾನ್‌ಗೆ ಒಂದು ಸಲ ಗಟ್ಟಿ ಮನಸ್ಸು ಮಾಡಬೇಕು. ಚಳಿ ಮುಗಿದು ಹೊಸ ಚಿಗುರು ಕಾಣುವ ಸಮಯದಲ್ಲಿ, ಇಡೀ ಲಾನ್ ಅನ್ನು 2 ಸೆಂಟಿಮೀಟರ್‌ಗೆ ಇಳಿಸಿ. ಒಂದೇ ಸಲ ಬೇಡ, ಎರಡು ಮೂರು ಸುತ್ತಿನಲ್ಲಿ. ಮೂರನೇ ಒಂದು ಭಾಗದ ನಿಯಮವನ್ನು ಬೇಕೆಂದೇ ಮುರಿಯುವುದು ವರ್ಷದಲ್ಲಿ ಈ ಒಂದು ಸಲ ಮಾತ್ರ. ಬಿದ್ದ ಕಸವನ್ನೆಲ್ಲ ಬಾಚಿ ತೆಗೆಯಿರಿ. ನೋಡಲು ಭಯ ಆಗುತ್ತದೆ, ಮನೆಯವರು ಬೈಯುತ್ತಾರೆ. ನೀರು, ಗೊಬ್ಬರ ಕೊಟ್ಟು ಮೂರು ನಾಲ್ಕು ವಾರ ಕಾಯಿರಿ. ನೆಲಕ್ಕಂಟಿದ ಗೆಣ್ಣುಗಳಿಂದ ಹೊಸ ಚಿಗುರು ಬರುತ್ತದೆ, ಈ ಸಲ ತಗ್ಗಿನಿಂದಲೇ. ಆಮೇಲೆ ಎತ್ತರ ತಪ್ಪಲು ಬಿಡಬೇಡಿ.

ಹಾಗೆ ಸೀಳಿ ನೋಡಿದಾಗ ಮಣ್ಣಿಗೂ ಹಸಿರಿಗೂ ನಡುವೆ ಸ್ಪಂಜಿನ ಹಾಗೆ ಒಂದು ಪದರ ಸಿಕ್ಕರೆ ಅದನ್ನು ಬೆರಳಿಂದ ಅಳೆಯಿರಿ. ಸತ್ತ ಕಾಂಡ, ಬೇರು ಸೇರಿ ಆದ ಈ ಪದರಕ್ಕೆ ಥ್ಯಾಚ್ ಅನ್ನುತ್ತಾರೆ. ಒಂದು ಸೆಂಟಿಮೀಟರ್ ಒಳಗಿದ್ದರೆ ಚಿಂತೆ ಇಲ್ಲ. ಅದಕ್ಕಿಂತ ದಪ್ಪ ಇದ್ದರೆ ನೀರು ಅಲ್ಲೇ ನಿಲ್ಲುತ್ತದೆ, ಬೇರು ಮಣ್ಣಿಗಿಳಿಯದೆ ಅದರಲ್ಲೇ ಉಳಿಯುತ್ತದೆ, ಮಷೀನ್ ಚಕ್ರ ಹೂತು ಅಲ್ಲಲ್ಲಿ ಬೋಳಿಸುತ್ತದೆ. ಗಟ್ಟಿ ಹಲ್ಲಿನ ರೇಕ್‌ನಿಂದ ಬಲವಾಗಿ ಬಾಚಿ, ಮೇಲೆ ತೆಳ್ಳಗೆ ಮರಳು ಹರಡಿ. ದಿನಾ ನೀರು, ಲೆಕ್ಕವಿಲ್ಲದೆ ಗೊಬ್ಬರ ಅಂತ ಅತಿ ಮುದ್ದು ಮಾಡಿದ ಲಾನ್‌ಗಳಲ್ಲೇ ಇದು ಜಾಸ್ತಿ.

ಮುದ್ದಿನ ಲೆಕ್ಕ ಹೀಗಿರಲಿ. ಬೆಳೆಯುವ ತಿಂಗಳುಗಳಲ್ಲಿ ಚದರ ಮೀಟರ್‌ಗೆ ತಿಂಗಳಿಗೆ ಹೆಚ್ಚೆಂದರೆ 5 ಗ್ರಾಂ ಸಾರಜನಕ. ಯೂರಿಯಾದಲ್ಲಿ ಸಾರಜನಕ 46 ಶೇಕಡಾ, ಹಾಗಾಗಿ ಚದರ ಮೀಟರ್‌ಗೆ ಸುಮಾರು 11 ಗ್ರಾಂ ಯೂರಿಯಾ. ನಿಮ್ಮ 100 ಚದರ ಮೀಟರ್‌ಗೆ ಒಂದು ಕಿಲೋ ಚಿಲ್ಲರೆ ಆಯಿತು. ಅದನ್ನೂ ಎರಡು ಕಂತು ಮಾಡಿ, ಎಲೆ ಮೇಲೆ ತೇವ ಇಲ್ಲದಾಗ ಎರಚಿ, ಕೂಡಲೇ ನೀರು ಬಿಡಿ. ಒದ್ದೆ ಎಲೆಗೆ ಅಂಟಿಕೊಂಡ ಯೂರಿಯಾ ಎಲೆಯನ್ನು ಸುಡುತ್ತದೆ. ಮನೆ ಲಾನ್‌ಗೆ ಇದರ ಅರ್ಧ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕತ್ತರಿಸಿದ ಚೂರುಗಳನ್ನು ಲಾನ್ ಮೇಲೆಯೇ ಬಿಟ್ಟರೆ ಇನ್ನೂ ಕಡಿಮೆ ಸಾಕು.

ನೀರು: ಮಳೆ ಇಲ್ಲದ ಬೇಸಿಗೆಯಲ್ಲಿ ವಾರಕ್ಕೆ ಸುಮಾರು 25 ಮಿಲಿಮೀಟರ್, ಅಂದರೆ ಚದರ ಮೀಟರ್‌ಗೆ 25 ಲೀಟರ್. ನೇರ ಬದಿಯ ನಾಲ್ಕು ಡಬ್ಬಿಗಳನ್ನು ಲಾನ್ ಮೇಲೆ ಅಲ್ಲಲ್ಲಿ ಇಟ್ಟು ಸ್ಪ್ರಿಂಕ್ಲರ್ ಬಿಡಿ, ಎಷ್ಟು ಹೊತ್ತಿಗೆ ಎಷ್ಟು ತುಂಬಿತು ಅಂತ ಸ್ಕೇಲ್‌ನಿಂದ ಅಳೆಯಿರಿ. ವಾರಕ್ಕೆ ಎರಡು ಸಲ ಚೆನ್ನಾಗಿ ಕೊಡುವುದು ದಿನಾ ಚಿಮುಕಿಸುವುದಕ್ಕಿಂತ ಮೇಲು. ಬೇರು ಆಳಕ್ಕೆ ಹೋಗಬೇಕು. ಒಳ್ಳೆಯ ಮಣ್ಣಿನಲ್ಲಿ ಗರಿಕೆ ಬೇರು ಒಂದೂವರೆ ಮೀಟರ್ ಮೀರಿ ಇಳಿಯಬಲ್ಲದು. ನೀರು ಇಲ್ಲದೆ ಹೋದರೆ ಒಣಗಿದ ಹಾಗೆ ಮಲಗುತ್ತದೆ, ಸಾಯುವುದಿಲ್ಲ. ಚಳಿಗೂ ಹಾಗೇ. ಮಣ್ಣು 10 ಡಿಗ್ರಿಗಿಂತ ತಣ್ಣಗಾದರೆ ಕಂದಾಗಿ ನಿದ್ದೆ ಹೋಗುತ್ತದೆ. ಸತ್ತಿದೆಯೋ ಮಲಗಿದೆಯೋ ತಿಳಿಯಲು ನೆಲದಡಿಯ ಕಾಂಡ ಒಂದನ್ನು ಅಗೆದು ಮುರಿಯಿರಿ. ಒಳಗೆ ಬೆಳ್ಳಗೆ, ಹಸಿಯಾಗಿ ಇದ್ದರೆ ಎಬ್ಬಿಸಲು ಅವಸರ ಮಾಡಬೇಡಿ. ಉಪ್ಪು ನೀರಿನ ಬಾವಿ ಇರುವವರೂ ಧೈರ್ಯ ಮಾಡಬಹುದು, ಸವುಳು ಮಣ್ಣನ್ನು ಇಷ್ಟು ತಡೆಯುವ ಲಾನ್ ಹುಲ್ಲುಗಳು ಕಡಿಮೆ.

ಇನ್ನು ತರಕಾರಿ ಮಡಿ. ಇಲ್ಲಿ ನಿಮಗಿಂತ ದೊಡ್ಡ ತಪ್ಪು ಮಾಡಿದವನು ನಾನು.

ಕೆಲಸಕ್ಕೆ ಹೊಸದರಲ್ಲಿ ಒಂದು ತುಂಡು ಜಾಗದಲ್ಲಿ ಗರಿಕೆ ತೆಗೆಯಬೇಕಿತ್ತು. ಗುದ್ದಲಿ ಹಿಡಿಯಲು ಸೋಮಾರಿತನ. ರೋಟವೇಟರ್ ತರಿಸಿ ಎರಡು ಸುತ್ತು ಹೊಡೆಸಿದೆ. ಮಣ್ಣು ಹಿಟ್ಟಿನ ಹಾಗೆ ಆಯಿತು, ಹುಲ್ಲಿನ ಸುಳಿವಿಲ್ಲ. ಅದೇ ಸಂಜೆ ನೀರು ಹಾಯಿಸಿ ಬೀಜ ಬಿತ್ತಿದೆ. ಮೂರನೇ ವಾರಕ್ಕೆ ನೋಡಿದರೆ ನನ್ನ ಬೀಜಕ್ಕಿಂತ ಮೊದಲು ಗರಿಕೆ ಎದ್ದಿತ್ತು, ಸಾಲು ಹಿಡಿದು ನೆಟ್ಟ ಹಾಗೆ. ಒಂದು ಕಾಂಡವನ್ನು ನಲವತ್ತು ತುಂಡು ಮಾಡಿ, ಪ್ರತಿ ತುಂಡಿಗೂ ಒಂದೊಂದು ಗೆಣ್ಣು ಬಿಟ್ಟು, ಮೇಲೆ ನೀರೂ ಕೊಟ್ಟಿದ್ದೆ. ಇದಕ್ಕಿಂತ ಚೆನ್ನಾಗಿ ಗರಿಕೆ ನಾಟಿ ಮಾಡಲು ಸಾಧ್ಯವಿಲ್ಲ. ಜಗತ್ತಿನ ಕೆಟ್ಟ ಕಳೆಗಳ ಹೆಸರಾಂತ ಪಟ್ಟಿಯೊಂದರಲ್ಲಿ ಜೇಕಿನ ನಂತರ ಎರಡನೇ ಜಾಗ ಇದಕ್ಕೆ ಸಿಕ್ಕಿದ್ದು ಸುಮ್ನೆ ಅಲ್ಲ.

ಆದ್ದರಿಂದ ಮಡಿಯಲ್ಲಿ ಕತ್ತರಿಸುವ ಸಾಧನ ಬೇಡ, ಎತ್ತುವ ಸಾಧನ ಬೇಕು. ಹಲ್ಲಿರುವ ಫೋರ್ಕ್ ತೆಗೆದುಕೊಂಡು, ಮಣ್ಣು ಹದವಾಗಿ ತೇವ ಇರುವಾಗ ಬುಡಸಮೇತ ಸಡಿಲಿಸಿ, ಕಾಂಡವನ್ನು ಉದ್ದಕ್ಕೆ ಬಿಡಿಸಿಕೊಳ್ಳಿ. ನೆಲದಡಿಯ ಕಾಂಡಗಳು ಹೆಚ್ಚಿನವು ಮೇಲಿನ 15 ಸೆಂಟಿಮೀಟರ್‌ನಲ್ಲೇ ಸಿಗುತ್ತವೆ, ಸಡಿಲ ಮಣ್ಣಾದರೆ ಇನ್ನೂ ಕೆಳಗೆ. ಕಿತ್ತದ್ದನ್ನು ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲೂ ಸಂಸಾರ ಹೂಡುತ್ತದೆ. ಸಿಮೆಂಟ್ ನೆಲದ ಮೇಲೋ ತಗಡಿನ ಮೇಲೋ ಹರಡಿ, ಮುರಿದರೆ ಲಟ್ ಅನ್ನುವವರೆಗೆ ಒಣಗಿಸಿ. ಆಮೇಲೆ ಎಲ್ಲಿ ಹಾಕಿದರೂ ಸರಿ.

ಒಂದೇ ಸಲಕ್ಕೆ ಪೂರ್ತಿ ಸಿಗುವುದಿಲ್ಲ. ಉಳಿದ ಗೆಣ್ಣುಗಳು ದಾಸ್ತಾನು ಖರ್ಚು ಮಾಡಿ ಎಲೆ ಬಿಡುತ್ತವೆ. ಆ ಎಲೆ ಮತ್ತೆ ದುಡಿದು ದಾಸ್ತಾನು ತುಂಬುವ ಮೊದಲೇ, ಎರಡು ಮೂರು ಎಲೆ ಇರುವಾಗಲೇ ಎತ್ತಬೇಕು. ವಾರಕ್ಕೊಮ್ಮೆ ಹತ್ತು ನಿಮಿಷ ತಪ್ಪದೆ ಕೂತರೆ ಒಂದು ಬೇಸಿಗೆಯಲ್ಲಿ ಮಡಿ ನಿಮ್ಮ ಕೈಗೆ ಬರುತ್ತದೆ. ತಿಂಗಳಿಗೊಮ್ಮೆ ಅರ್ಧ ದಿನ ಬೆವರು ಸುರಿಸಿದರೆ ಹುಲ್ಲಿಗೆ ಏನೂ ಆಗುವುದಿಲ್ಲ, ಬೆನ್ನು ನಿಮ್ಮದು ಹೋಗುತ್ತದೆ.

ಮಡಿ ಖಾಲಿ ಬಿಡಲು ಆಗುವುದಾದರೆ ಬಿಸಿಲನ್ನೇ ಇದರ ಮೇಲೆ ತಿರುಗಿಸಬಹುದು. ಅತಿ ಬಿಸಿಲಿನ ದಿನಗಳಲ್ಲಿ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಮಣ್ಣು ಚೆನ್ನಾಗಿ ನೆನೆಸಿ, ಪಾರದರ್ಶಕ ಪಾಲಿಥಿನ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚುಗಳನ್ನು ಮಣ್ಣಲ್ಲಿ ಹೂತುಬಿಡಿ. ನಾಲ್ಕರಿಂದ ಆರು ವಾರ. ಒಳಗೆ ಬೆಂದುಹೋಗುತ್ತದೆ. ಹಾಳೆಯ ಅಂಚಿನ ಕೆಳಗೆ ಬಿಸಿ ಕಡಿಮೆ, ಅಲ್ಲಿ ಬದುಕಿ ಉಳಿಯುವುದು ಉಂಟು. ಮಡಿಗಿಂತ ಅರ್ಧ ಮೀಟರ್ ಆಚೆಗೂ ಹಾಳೆ ಚಾಚಿರಲಿ. ಮೋಡದ ದಿನಗಳಲ್ಲಿ ಈ ಉಪಾಯ ಬೇಡ, ಹುಲ್ಲಿಗೆ ಬೆಚ್ಚಗೆ ಹೊದಿಕೆ ಹಾಕಿದ ಹಾಗೆ ಆಗುತ್ತದೆ.

ಕಳೆನಾಶಕ ಹಾಕಲೇಬೇಕು ಅನ್ನುವವರಿಗೆ ಒಂದು ಮಾತು. ಗ್ಲೈಫೋಸೇಟ್ ಎಲೆಯಿಂದ ಇಳಿದು ನೆಲದಡಿಯ ಕಾಂಡ ಮುಟ್ಟಿದರೆ ಮಾತ್ರ ಕೆಲಸ. ಹುಲ್ಲು ಹಸಿರಾಗಿ, ಜೋರಾಗಿ ಬೆಳೆಯುತ್ತಿರುವಾಗ ಹಾಕಬೇಕು. ಒಣಗಿ ಮಲಗಿದ ಗರಿಕೆಗೆ ಹೊಡೆದರೆ ದಂಡ. ಚಳಿ ಬರುವುದಕ್ಕೆ ಸ್ವಲ್ಪ ಮೊದಲು ಗಿಡ ತನ್ನ ಆಹಾರವನ್ನು ಕೆಳಗೆ ಸಾಗಿಸುತ್ತಿರುತ್ತದೆ, ಔಷಧಿಯೂ ಅದರ ಜೊತೆ ಇಳಿಯುತ್ತದೆ. ಹೊಡೆದು ಒಂದು ವಾರ ಅಗೆಯಬೇಡಿ. ಮತ್ತೆ ಚಿಗುರಿದ್ದಕ್ಕೆ ಇನ್ನೊಂದು ಸಲ. ತರಕಾರಿ ಗಿಡ ನಿಂತಿರುವ ಮಡಿಯಲ್ಲಿ ಮಾತ್ರ ಬೇಡವೇ ಬೇಡ, ಅದಕ್ಕೆ ಹುಲ್ಲು ಯಾವುದು ತರಕಾರಿ ಯಾವುದು ಅನ್ನುವ ಭೇದ ಇಲ್ಲ.

ಇಷ್ಟೆಲ್ಲ ಮಾಡಿ ಲಾನ್ ಮತ್ತು ಮಡಿಯ ನಡುವೆ ಗಡಿ ಹಾಕದಿದ್ದರೆ ಮುಂದಿನ ವರ್ಷ ಮತ್ತೆ ನೀವು ನನಗೆ ಇದನ್ನೇ ಕೇಳುತ್ತೀರಿ. ಗಟ್ಟಿ ಪ್ಲಾಸ್ಟಿಕ್ ಅಥವಾ ತಗಡಿನ ಪಟ್ಟಿಯನ್ನು 25ರಿಂದ 30 ಸೆಂಟಿಮೀಟರ್ ಆಳಕ್ಕೆ ಇಳಿಸಿ. ಮೇಲೆ 5 ಸೆಂಟಿಮೀಟರ್ ಎದ್ದು ನಿಂತಿರಲಿ. ಬಹಳ ಜನ ಆಳ ಮಾಡುತ್ತಾರೆ, ಮೇಲೆ ಬಿಡುವುದನ್ನು ಮರೆಯುತ್ತಾರೆ. ಆಗ ಬಳ್ಳಿ ಮೇಲಿಂದ ದಾಟಿ ಹೋಗುತ್ತದೆ. ಪಟ್ಟಿಯ ಮೇಲೆ ಹತ್ತಿದ ಬಳ್ಳಿಯನ್ನು ಲಾನ್ ಕತ್ತರಿಸುವ ದಿನವೇ ಕತ್ತರಿಯಿಂದ ತೆಗೆದುಬಿಡಿ.

ಹಸುಗಳ ವಿಷಯ. ಹಾಕಬಹುದು, ಗರಿಕೆ ಒಳ್ಳೆಯ ಮೇವೇ. ಆದರೆ ಲಾನ್ ಚೂರನ್ನು ಹಾಕುವಾಗ ಮೂರು ನಾಲ್ಕು ಎಚ್ಚರ ಬೇಕು. ಕಳೆನಾಶಕ, ಕೀಟನಾಶಕ ಹೊಡೆದ ಲಾನ್‌ನ ಹುಲ್ಲು ಬೇಡ. ಯೂರಿಯಾ ಎರಚಿದ ಹೊಸದರಲ್ಲಿ ಬೇಡ. ಮಷೀನ್‌ನ ಎಣ್ಣೆ, ಪೆಟ್ರೋಲ್ ತಾಗಿದ್ದು ಬೇಡ. ಮತ್ತೆ, ಚೂರುಗಳನ್ನು ರಾಶಿ ಹಾಕಿ ಮರುದಿನ ಹಾಕುವ ಅಭ್ಯಾಸ ಇದ್ದರೆ ಬಿಡಿ. ರಾಶಿಯೊಳಗೆ ಕೈ ಹಾಕಿ ನೋಡಿ, ನಾಲ್ಕೈದು ಗಂಟೆಯಲ್ಲೇ ಬಿಸಿ ಗೊತ್ತಾಗುತ್ತದೆ. ಅದು ಹುಳಿಯುತ್ತಿದೆ ಅಂತ ಅರ್ಥ. ಕತ್ತರಿಸಿದ ಕೂಡಲೇ, ಬೇರೆ ಮೇವಿನ ಜೊತೆ ಸ್ವಲ್ಪ ಸ್ವಲ್ಪ ಹಾಕಿ. ಕುದುರೆಗೆ ಲಾನ್ ಚೂರು ಹಾಕಲೇಬೇಡಿ, ಅಗಿಯದೆ ನುಂಗಿ ಹೊಟ್ಟೆನೋವು ತಂದುಕೊಳ್ಳುತ್ತದೆ.

ಮೇವಿಗೆಂದೇ ಬೆಳೆಸುವ ಪ್ರಶ್ನೆಗೆ ನನ್ನ ಉತ್ತರ ನಿಮ್ಮ ಹಸುಗಳು ಅಲ್ಲೇ ಮೇಯುತ್ತವೋ ಇಲ್ಲ ನೀವು ಕೊಯ್ದು ಹಾಕುತ್ತೀರೋ ಅನ್ನುವುದರ ಮೇಲಿದೆ. ಕೊಯ್ದು ಹಾಕುವುದಾದರೆ, ಸಣ್ಣ ಜಾಗಕ್ಕೆ ನೇಪಿಯರ್‌ನಂಥ ಎತ್ತರದ ಹುಲ್ಲು ಕೊಡುವಷ್ಟು ಮೇವನ್ನು ಗರಿಕೆ ಕೊಡುವುದಿಲ್ಲ. 400 ಕಿಲೋ ತೂಗುವ ಹಸುವಿಗೆ ದಿನಕ್ಕೆ ಒಣ ಲೆಕ್ಕದಲ್ಲಿ 10 ಕಿಲೋದಷ್ಟು ಮೇವು ಬೇಕು, ಹಸಿ ಗರಿಕೆಯಲ್ಲಿ ಅದು 30 ಕಿಲೋ ದಾಟುತ್ತದೆ. ದಿನಾ ಅಷ್ಟು ಕೊಯ್ಯುವುದನ್ನು ನೆನೆಸಿಕೊಳ್ಳಿ. ಮೇಯಿಸುವುದಾದರೆ ಗರಿಕೆಗೆ ಸಾಟಿ ಕಡಿಮೆ. ಗೊರಸು ತುಳಿದರೂ, ಬಾಯಿ ಎಳೆದರೂ ಗೆಣ್ಣು ನೆಲದಲ್ಲೇ ಇರುತ್ತದೆ. ಜಾಗವನ್ನು ನಾಲ್ಕೈದು ಭಾಗ ಮಾಡಿ. ಹುಲ್ಲು ಒಂದು ಗೇಣು ಬೆಳೆದಾಗ ಹಸು ಬಿಟ್ಟು, ನಾಲ್ಕು ಬೆರಳು ಉಳಿದಾಗ ಹೊರಗೆ ಹೊಡೆಯಿರಿ. ಮತ್ತೆ ಮೂರು ನಾಲ್ಕು ವಾರ ಅತ್ತ ಹೋಗಬಾರದು.

ಆ ನಾಲ್ಕು ವಾರದ ಲೆಕ್ಕ ಮುಖ್ಯ. ಗೊಬ್ಬರ ಕಂಡ ಎಳೆ ಗರಿಕೆಯಲ್ಲಿ ಒಣ ತೂಕದ 10ರಿಂದ 14 ಶೇಕಡಾ ಪ್ರೋಟೀನ್ ಇರುತ್ತದೆ. ಎಂಟು ವಾರ ಬಿಟ್ಟರೆ ರಾಶಿ ದೊಡ್ಡದು ಕಾಣುತ್ತದೆ, ಪ್ರೋಟೀನ್ ಏಳೆಂಟಕ್ಕೆ ಇಳಿದಿರುತ್ತದೆ, ನಾರು ಜಾಸ್ತಿ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಸರಿಯಾಗಿ ಕೆಲಸ ಮಾಡಲು ಸುಮಾರು 7 ಶೇಕಡಾ ಪ್ರೋಟೀನ್ ಆದರೂ ಬೇಕು. ಬಲಿತ ಹುಲ್ಲು ಆ ಗೆರೆಯ ಮೇಲೆಯೇ ನಿಂತಿರುತ್ತದೆ. ಹಾಲು ಕೊಡುವ ಹಸುವಿಗೆ ಎಳೆಯದೇ ಹಾಕಬೇಕು.

ಮೇವಿನ ತಳಿಗಳೇ ಬೇರೆ ಇವೆ. ಬರ್ಟನ್ ಅವರೇ 1943ರಲ್ಲಿ ಬಿಡುಗಡೆ ಮಾಡಿದ ಕೋಸ್ಟಲ್ ಎತ್ತರ ಬೆಳೆಯುವ ತಳಿ, ಒಣಹುಲ್ಲಿಗೆ ಹೆಸರುವಾಸಿ. ಮುಂದೆ ಬಂದ ಟಿಫ್ಟನ್ 85 ಇನ್ನೂ ಸುಲಭವಾಗಿ ಜೀರ್ಣವಾಗುತ್ತದೆ. ಅದರಲ್ಲಿ ಸ್ಟಾರ್ ಗ್ರಾಸ್ ಎನ್ನುವ ನಂಟ ಹುಲ್ಲಿನ ರಕ್ತವೂ ಇದೆ. ಬರದಲ್ಲಿ ನಿಂತು ಆಗತಾನೇ ಮಳೆಗೆ ಚಿಗುರಿದ ಟಿಫ್ಟನ್ 85ನ್ನು ಹಸಿದ ದನಗಳಿಗೆ ಒಮ್ಮೆಲೇ ಬಿಡಬೇಡಿ, ಸಯನೈಡ್ ಅಂಶ ಬಂದಿರುವ ಸಂಭವ ಇರುತ್ತದೆ. ಚೆನ್ನಾಗಿ ಒಣಗಿಸಿದರೆ ಅದು ಹಾರಿಹೋಗುತ್ತದೆ. ದನಗಳಿಗೆ ವಿಷವಾಗಬಲ್ಲ ನೈಟ್ರೇಟ್ ಹಾಗಲ್ಲ. ಯೂರಿಯಾ ಜಾಸ್ತಿ ಬಿದ್ದು ಕೂಡಲೇ ಬರ ಬಂದರೆ ಅದು ಕಾಂಡದ ಬುಡದಲ್ಲಿ ಸೇರಿಕೊಳ್ಳುತ್ತದೆ, ಒಣಗಿಸಿದರೂ ಹೋಗದು. ಅಂಥ ಹೊತ್ತಲ್ಲಿ ನೆಲಕ್ಕಂಟಿಸಿ ಕೊಯ್ಯಬೇಡಿ. ತೆನೆ ಬಲಿತು ಕಪ್ಪು ಹಿಡಿದಂತೆ ಕಂಡರೂ ದನ ಬಿಡುವ ಮೊದಲು ಯೋಚಿಸಿ. ತೆನೆಯಲ್ಲಿ ಸೇರುವ ಒಂದು ಶಿಲೀಂಧ್ರದಿಂದ ದನಗಳಿಗೆ ನಡುಕ ಬರುವುದಿದೆ. ತೆನೆ ಬರುವ ಮೊದಲೇ ಮೇಯಿಸುವವರಿಗೆ ಈ ಭಯ ಇಲ್ಲ.

ಹಿಂದಿನ ಜಾಗ ತರಕಾರಿ ಮಡಿಗೆ ತಾಗಿಕೊಂಡೇ ಇದ್ದರೆ, ಮೊದಲು ಆ ಪಟ್ಟಿ ಇಳಿಸಿ. ಗರಿಕೆ ನೆಡುವುದು ಆಮೇಲೆ.